ಹೇಗೆ ಬಂತು?

ಮಗಳ ಗಣಿತದ ಪೇಪರು ಮನೆಗೆ ಬಂದಿತ್ತು. ಒಂದು ಲೆಕ್ಕದ ಉತ್ತರ ಸರಿ ಇದೆ, ಮಾರ್ಕು ಮಾತ್ರ ನಾಲ್ಕರಲ್ಲಿ ಒಂದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಹೇಗೆ ಬಂತು?'

ಆಯತದ ಉದ್ದ ಅಗಲಕ್ಕಿಂತ 6 ಮೀಟರ್ ಜಾಸ್ತಿ, ವಿಸ್ತೀರ್ಣ 160 ಚದರ ಮೀಟರ್, ಅಗಲ ಎಷ್ಟು? ಇವಳು 10 ಎಂದು ಬರೆದು ಅಡಿಗೆ ಎರಡು ಗೆರೆ ಎಳೆದು ಬಂದಿದ್ದಾಳೆ. "ಹತ್ತು ಹದಿನಾರಲೆ ನೂರ ಅರವತ್ತು, ಅಷ್ಟೇ ಅಲ್ವಾ?"

ನಮ್ಮ ಕೇರಳದ ಪರೀಕ್ಷೆಯಲ್ಲಿ ಮೊದಲ 15 ನಿಮಿಷ ಕೂಲ್ ಆಫ್ ಟೈಮ್. ಬರೆಯುವ ಹಾಗಿಲ್ಲ, ಪ್ರಶ್ನೆ ಓದಬೇಕು. ಚುರುಕು ಮಕ್ಕಳು ಆಗಲೇ ತಲೆಯೊಳಗೆ ಲೆಕ್ಕ ಮುಗಿಸಿರುತ್ತಾರೆ. ಬೆಲ್ ಹೊಡೆದಾಗ ಬರೆಯಲು ಉಳಿಯುವುದು ಉತ್ತರ ಮಾತ್ರ!

ಹತ್ತನೇ ಕ್ಲಾಸಿನ ದಾರಿ ಸ್ವಲ್ಪ ಸುತ್ತು. ಅಗಲದ ವರ್ಗಕ್ಕೆ ಅಗಲದ ಆರು ಪಟ್ಟು ಕೂಡಿಸಿದರೆ 160. ಎರಡೂ ಕಡೆ 9 ಸೇರಿಸಿದರೆ ಎಡಗಡೆ ಪೂರ್ಣವರ್ಗ, ಬಲಗಡೆ 169. ಅದರ ಮೂಲ 13 ಅಥವಾ ಮೈನಸ್ 13. ಹಾಗಾಗಿ ಅಗಲ 10 ಅಥವಾ ಮೈನಸ್ 16. ಕೊನೆಗೆ 'ಅಗಲ ಋಣಸಂಖ್ಯೆ ಆಗಲಾರದು' ಎಂದು ಒಂದು ಸಾಲು. ನನಗೆ ಆ ಸಾಲಿನ ಮೇಲೆ ಯಾಕೋ ಪ್ರೀತಿ. ಮಗ್ಗಿ ಹೇಳಿದವರ ಬಾಗಿಲಿಗೆ ಮೈನಸ್ 16 ಬರುವುದೇ ಇಲ್ಲ. ಬಂದರಲ್ಲವೇ ವಾಪಸು ಕಳಿಸುವುದು?

ಬಾಯಿಲೆಕ್ಕ ಇವಳಿಗೆ ಬಂದದ್ದು ನನ್ನ ಅಜ್ಜನಿಂದ ಇರಬೇಕು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಮೂವತ್ತೇಳೂವರೆ ಕಿಲೋ ಅಡಿಕೆ, ಕಿಲೋಗೆ 240 ಎಂದರೆ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಲೇ "ಒಂಬತ್ತು ಸಾವಿರ" ಅನ್ನುತ್ತಿದ್ದರು. ಹೇಗೆ ಅಂತ ಕೇಳಿದರೆ ಸುಮ್ನೆ ನಗು. ನಲವತ್ತು ಕಿಲೋದ ಲೆಕ್ಕ ಹಿಡಿದು ಎರಡೂವರೆ ಕಿಲೋದ್ದು ಕಳೆಯುತ್ತಿದ್ದರು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಒಮ್ಮೆ ಗೋಣಿಯ ತೂಕ ಕಳೆದು ಅಷ್ಟೇ ಅಡಿಕೆ ಇತ್ತು, ದರವೂ ಅದೇ. ಅಡಿಕೆ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಬರೀ 8,880 ಎಂದಿತ್ತು. ಅಜ್ಜ ಚೀಟಿಯನ್ನು ಮೇಜಿಗೇ ಮರಳಿ ಸರಿಸಿದರು.

"ಇದು ಹೇಗೆ ಬಂತು?"

"ಗೋಣಿಯ ತೂಕ ಒಂದೂವರೆ ಕಿಲೋ ಹಿಡಿದಿದ್ದೇವೆ."

"ಗೋಣಿ ಒಂದೇ ಕಿಲೋ. ಒಂದೂವರೆ ಹಿಡಿದದ್ದಾದರೆ ಅದನ್ನೂ ಬರೀರಿ. ಒಂದೊಂದೇ ಸಾಲು."

ಅಂಗಡಿಯವರು ಪೆನ್ನು ಹುಡುಕಿದರು.