ನಕ್ಷೆಯ ಗೆರೆ ನೋಡಿ ವಿಮಾನದ ಟೈಮ್ ಲೆಕ್ಕ ಹಾಕಬೇಡಿ

ಮೊನ್ನೆ ಅಮ್ಮನನ್ನು ಅಕ್ಕನ ಮನೆಗೆ ಕಳಿಸಬೇಕಿತ್ತು. ಎರಡೂ ಊರಲ್ಲಿ ಚಿಕ್ಕ ವಿಮಾನ ನಿಲ್ದಾಣ ಇದೆ. ನೆಟ್‌ನಲ್ಲಿ ಹುಡುಕಿದೆ. ದೂರ 400 ಕಿಲೋಮೀಟರ್, ಹಾರಾಟ ಅರ್ಧ ಗಂಟೆ ಅಂತ ಬಂತು. ಕೂತು ಏಳುವುದರೊಳಗೆ ತಲುಪುತ್ತೀಯ ಅಂತ ಅಮ್ಮನಿಗೂ ಹೇಳಿಬಿಟ್ಟೆ. ಆಮೇಲೆ ಟಿಕೆಟ್ ನೋಡಿದರೆ ನೇರ ವಿಮಾನವೇ ಇಲ್ಲ. ದೊಡ್ಡ ನಗರದಲ್ಲಿ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕು. ಒಟ್ಟು ಆರು ಗಂಟೆ!

ಹಾಗಾದರೆ ಆ ಅರ್ಧ ಗಂಟೆ ಎಲ್ಲಿಂದ ಬಂತು? ಇಂಥ ಲೆಕ್ಕದಲ್ಲಿ ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತಗೊಂಡು ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆಯುತ್ತಾರೆ, ಅದನ್ನು ಜೆಟ್ ವಿಮಾನದ ವೇಗದಿಂದ, ಅಂದರೆ ಗಂಟೆಗೆ 800 ಕಿಲೋಮೀಟರ್ ಚಿಲ್ಲರೆಯಿಂದ ಭಾಗಿಸುತ್ತಾರೆ, ಅಷ್ಟೇ. ಆ ದಾರಿಯಲ್ಲಿ ವಿಮಾನ ಓಡಾಡುತ್ತದೋ ಇಲ್ಲವೋ ಅನ್ನುವುದು ಆ ಲೆಕ್ಕಕ್ಕೆ ಬೇಕಾಗಿಯೇ ಇಲ್ಲ. ಕೆಲವು ಕಡೆ ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೊಟ್ಟಿರುತ್ತಾರೆ, ಅದೊಂದು ಗೊಂದಲ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್.

ನೇರ ವಿಮಾನ ಇದ್ದರೂ ಅರ್ಧ ಗಂಟೆ ಆಗದ ಮಾತು. ಚಿಕ್ಕ ನಿಲ್ದಾಣಗಳಿಗೆ ಜಾಸ್ತಿ ಬರುವುದು ಎಟಿಆರ್ 72 ತರಹದ ಪ್ರೊಪೆಲ್ಲರ್ ವಿಮಾನ. ಸುಮಾರು 70 ಜನ ಹಿಡಿಸುತ್ತಾರೆ, ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಅದೂ ಪೂರ್ತಿ ಮೇಲೇರಿದ ಮೇಲೆ. ಆಕಾಶಕ್ಕೆ ಏರುವುದಕ್ಕೆ ಒಂದಿಷ್ಟು ನಿಮಿಷ, ಇಳಿಯುವುದಕ್ಕೆ ಒಂದಿಷ್ಟು ನಿಮಿಷ, ಹತ್ತಿರದ ಊರಾದರೆ ಆ ವೇಗದಲ್ಲಿ ಹಾರುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ಎದುರುಗಾಳಿ ಇದ್ದರೆ ಇನ್ನೂ ತಡ. ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಇಳಿಯಬೇಕಲ್ವಾ, ಅದಕ್ಕಾಗಿ ಎಷ್ಟೋ ಸಲ ಊರು ದಾಟಿ ಹೋಗಿ ಸುತ್ತಿಕೊಂಡು ಬರಬೇಕಾಗುತ್ತದೆ.

ಒಮ್ಮೆ ನಾನು ಇಂಥದ್ದೇ ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಚಕ್ರ ನೆಲ ಮುಟ್ಟಿತು, ತಲುಪಿದೆವು ಅಂದುಕೊಂಡೆ. ವಿಮಾನ ರನ್‌ವೇ ತುದಿಯವರೆಗೂ ಹೋಗಿ, ಅಲ್ಲೇ ಪೂರ್ತಿ ತಿರುಗಿ, ಬಂದ ದಾರಿಯಲ್ಲೇ ನಿಧಾನಕ್ಕೆ ಉರುಳಿಕೊಂಡು ವಾಪಸ್ ಬಂತು. ಪಕ್ಕದಲ್ಲಿ ಟ್ಯಾಕ್ಸಿವೇ, ಅಂದರೆ ರನ್‌ವೇ ಬಿಟ್ಟು ವಿಮಾನ ಉರುಳಿಕೊಂಡು ಹೋಗುವ ಬೇರೆ ದಾರಿ, ಇರಲಿಲ್ಲ. ಅಂಥ ಕಡೆ ಒಂದು ವಿಮಾನ ರನ್‌ವೇ ಬಿಡುವವರೆಗೆ ಇನ್ನೊಂದು ಆಕಾಶದಲ್ಲೇ ಕಾಯಬೇಕು.

ವಿಮಾನ ಕಂಪನಿಯ ವೇಳಾಪಟ್ಟಿ ಈ ವಿಷಯದಲ್ಲಿ ನಂಬಿಕೆಗೆ ಯೋಗ್ಯ. ಅದರಲ್ಲಿ ಇರುವುದು ವಿಮಾನ ನಿಂತ ಜಾಗದಿಂದ ಕದಲಿದ ಹೊತ್ತು ಮತ್ತು ಅಲ್ಲಿ ಹೋಗಿ ನಿಂತ ಹೊತ್ತು. ಸುಮ್ನೆ ಗಾಳಿಯಲ್ಲಿದ್ದ ಸಮಯ ಅಲ್ಲ. ಹಾಗಾಗಿ ವಯಸ್ಸಾದವರನ್ನು ಕಳಿಸುವ ಮುಂಚೆ ಮೊದಲು ವೇಳಾಪಟ್ಟಿ ತೆಗೆಯಿರಿ, ನೇರ ವಿಮಾನ ವಾರದಲ್ಲಿ ಯಾವ ದಿನ ಇದೆ ನೋಡಿ. ದೂರ ತೋರಿಸುವ ತಾಣಗಳೂ "ನೇರ ವಿಮಾನ ಇಲ್ಲ" ಅಂತ ಮೊದಲ ಸಾಲಿನಲ್ಲೇ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಂಡಿನೋವು ಇರುವ ಮನುಷ್ಯರಿಗೆ ಒಂದು ಸಲ ಹತ್ತಿ ಇಳಿಯುವುದಕ್ಕೂ ಎರಡು ಸಲ ಹತ್ತಿ ಇಳಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅಮ್ಮ ಕೊನೆಗೆ ರಾತ್ರಿ ರೈಲು ಹತ್ತಿದಳು. ಬೆಳಿಗ್ಗೆ ಆರೂವರೆಗೆ ಅಕ್ಕ ಫೋನ್ ಮಾಡಿ, ಅಮ್ಮ ಬಂದಾಯ್ತು, ಹಲ್ಲುಜ್ಜುತ್ತಿದ್ದಾಳೆ ಅಂದಳು.