ಎಣ್ಣೆ ತುಂಬಿದ ಸಿಲಿಂಡರ್ ಮತ್ತು ಒಬ್ಬ ಬ್ಯಾಂಕ್ ಗುಮಾಸ್ತ

ಕಂಪ್ಯೂಟರಿನ ಇತಿಹಾಸ ಅಂತ ನಾನು ಓದಿದ ಪಠ್ಯಗಳಲ್ಲೆಲ್ಲ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಬರುತ್ತಾನೆ, ಇಂಗ್ಲಿಷ್ ಗಣಿತಜ್ಞ ಬ್ಯಾಬೇಜ್ ಬರುತ್ತಾನೆ, ಆಮೇಲೆ ಸೀದಾ ಎನಿಯಾಕ್ ಎಂಬ ಮೊದಮೊದಲಿನ ಎಲೆಕ್ಟ್ರಾನಿಕ್ ಕಂಪ್ಯೂಟರ್. ವಿಲಿಯಂ ಸೀವರ್ಡ್ ಬರೋಸ್ ಅನ್ನುವವನ ಸುದ್ದಿಯೇ ಇಲ್ಲ. ಬ್ಯಾಬೇಜನ ದೊಡ್ಡ ಯಂತ್ರಗಳು ಅವನ ಕಾಲದಲ್ಲಿ ಪೂರ್ತಿಯಾಗಲಿಲ್ಲ. ಬರೋಸ್‌ನ ಕೂಡುವ ಯಂತ್ರ ಬ್ಯಾಂಕಿನ ಮೇಜು ಹತ್ತಿ ಕೂತು, ಸಾವಿರಾರು ಗುಮಾಸ್ತರ ಹೊರೆ ಇಳಿಸಿತು. ಇವನನ್ನು ಬಿಟ್ಟು ಆ ಕಥೆ ಹೇಳುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಹುಟ್ಟಿದ್ದು 1857ರಲ್ಲಿ. ಅಪ್ಪ ಯಂತ್ರಗಳ ಮಾದರಿ ಮಾಡುವ ಕಸುಬಿನವರು. ಮಗ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾದ. ಉದ್ದುದ್ದ ಲೆಡ್ಜರಿನ ಸಾಲುಗಳನ್ನು ಕೂಡುವುದು, ಮೊತ್ತ ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಅಂತ ಮತ್ತೆ ಮೇಲಿಂದ ಹುಡುಕುವುದು, ಇದೇ ಅವನ ದಿನಚರಿ. ಆರೋಗ್ಯ ಕೆಟ್ಟಿತು, ಕ್ಷಯ ಹಿಡಿಯಿತು. ಬ್ಯಾಂಕ್ ಬಿಟ್ಟು ಸೇಂಟ್ ಲೂಯಿಸ್‌ಗೆ ಹೋಗಿ, ಜೋಸೆಫ್ ಬೋಯರ್ ಎಂಬುವರ ವರ್ಕ್‌ಶಾಪಿನಲ್ಲಿ ಯಂತ್ರ ಕಟ್ಟಲು ಕೂತ. 1885ರಲ್ಲಿ ಪೇಟೆಂಟಿಗೆ ಅರ್ಜಿ, 1886ರಲ್ಲಿ ಅಮೆರಿಕನ್ ಅರಿತ್‌ಮಾಮೀಟರ್ ಕಂಪನಿ, 1888ರಲ್ಲಿ ಪೇಟೆಂಟ್.

ಯಂತ್ರದ ಮೇಲೆ ಬಿಡಿ, ಹತ್ತು, ನೂರು ಹೀಗೆ ಒಂದೊಂದು ಸ್ಥಾನಕ್ಕೂ 1ರಿಂದ 9ರವರೆಗೆ ಕೀಲಿಗಳ ಸಾಲು. ಒತ್ತಿದ ಕೀಲಿ ಒತ್ತಿಕೊಂಡೇ ಇರುತ್ತದೆ. ಸಂಖ್ಯೆ ಸರಿಯಿದೆಯಾ ಅಂತ ಕಣ್ಣಲ್ಲಿ ನೋಡಿಕೊಂಡು, ಆಮೇಲೆ ಪಕ್ಕದ ಹಿಡಿಕೆ ಎಳೆಯಬೇಕು. ಆಗ ಮಾತ್ರ ಸಂಖ್ಯೆ ಒಳಗಿನ ಚಕ್ರಗಳಿಗೆ ಸೇರುತ್ತದೆ, ಜೊತೆಗೆ ಕಾಗದದ ಮೇಲೆ ಅಚ್ಚಾಗುತ್ತದೆ. ಅದೇ ಕಾಲಕ್ಕೆ ಷಿಕಾಗೋದಲ್ಲಿ ಡಾರ್ ಫೆಲ್ಟ್ ಮಾಡಿದ ಕಾಂಪ್ಟೋಮೀಟರಿನಲ್ಲಿ ಕೀಲಿ ಒತ್ತಿದೊಡನೆ ಕೂಡಿಯೇ ಬಿಡುತ್ತಿತ್ತು. ಕೈ ಪಳಗಿದವರಿಗೆ ಅದು ಬಹಳ ವೇಗ. ಆದರೆ ತಪ್ಪು ಹುಡುಕಿ ಹುಡುಕಿ ಸೋತ ಗುಮಾಸ್ತನಿಗೆ ಬೇಕಾದದ್ದು ತಿದ್ದಿಕೊಳ್ಳಲು ಒಂದು ಗಳಿಗೆ, ಕೈಯಲ್ಲಿ ಒಂದು ಚೀಟಿ. ಇದು ಆ ಕುರ್ಚಿಯಲ್ಲಿ ಕೂತು ಬಂದವನಿಗೇ ಹೊಳೆಯುವ ವಿಷಯ.

ಆದರೂ ಮೊದಲ 50 ಯಂತ್ರಗಳು ಸೋತವು. ಬರೋಸ್ ಎಳೆದರೆ ಲೆಕ್ಕ ಸರಿ, ಬೇರೆಯವರು ಎಳೆದರೆ ತಪ್ಪು! ಒಬ್ಬರು ಹಿಡಿಕೆಯನ್ನು ಜಗ್ಗಿ ಎಳೆಯುತ್ತಿದ್ದರು, ಇನ್ನೊಬ್ಬರು ಮೆಲ್ಲಗೆ. ಆ ರಭಸದ ವ್ಯತ್ಯಾಸಕ್ಕೆ ಮೊತ್ತವೇ ಬದಲಾಗುತ್ತಿತ್ತು. ಎಳೆಯುವುದು ಹೇಗೆ ಅಂತ ಎಲ್ಲರಿಗೂ ತರಬೇತಿ ಕೊಡಿ ಅಂದು ಕೈತೊಳೆದುಕೊಳ್ಳಬಹುದಿತ್ತು. ಬರೋಸ್ ಯಂತ್ರವನ್ನೇ ತಿದ್ದಿದ. ಎಣ್ಣೆ ತುಂಬಿದ ಸಣ್ಣ ಸಿಲಿಂಡರಿನಲ್ಲಿ ಒಂದು ಪಿಸ್ಟನ್ ಕೂರಿಸಿದ. ಕೈ ಎಷ್ಟೇ ರಭಸವಾಗಿ ಎಳೆಯಲಿ, ಆ ಬಲ ಸ್ಪ್ರಿಂಗಿಗೆ ಹೋಗುತ್ತದೆ, ಒಳಗಿನ ಭಾಗಗಳು ಎಣ್ಣೆಯ ತಡೆಯಿಂದಾಗಿ ತಮ್ಮ ಹದದಲ್ಲೇ ಚಲಿಸುತ್ತವೆ. ಹಳೆಯ 50 ಯಂತ್ರಗಳನ್ನು ಅವನು ಒಂದೊಂದಾಗಿ ಕಿಟಕಿಯಿಂದ ಆಚೆ ಎಸೆದ ಅಂತ ಕಥೆಯಿದೆ.

ನನಗೆ ಆ ಸಿಲಿಂಡರೇ ಅವನ ನಿಜವಾದ ಆವಿಷ್ಕಾರ. ಹಲ್ಲಿನ ಚಕ್ರದಿಂದ ಕೂಡುವುದು 1642ರಲ್ಲೇ ಪಾಸ್ಕಲ್‌ಗೆ ಗೊತ್ತಿತ್ತು. ಯಾರ ಕೈಗೆ ಕೊಟ್ಟರೂ ಒಂದೇ ಉತ್ತರ ಬರಬೇಕು ಅನ್ನುವ ಹಠ ಬರೋಸ್‌ನದು. ಇವತ್ತು ಆ್ಯಪ್ ಕೈಕೊಟ್ಟರೆ "ನೀವು ಸರಿಯಾಗಿ ಒತ್ತಿಲ್ಲ" ಅನ್ನುತ್ತಾರಲ್ಲ, ಪಿಂಚಣಿ ಹಣ ನೋಡಲು ಫೋನ್ ಹಿಡಿದು ಒದ್ದಾಡುವ ಅಜ್ಜಂದಿರಿಗೂ ಅದೇ ಉತ್ತರ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬರೋಸ್ 1898ರಲ್ಲಿ ಅಲಬಾಮಾದ ಸಿಟ್ರೊನೆಲ್‌ನಲ್ಲಿ ಕ್ಷಯದಿಂದಲೇ ತೀರಿಕೊಂಡ, 41ನೇ ವಯಸ್ಸಿಗೆ. ಕಂಪನಿಗೆ ಅವನ ಹೆಸರು ಬಂದದ್ದು ಆಮೇಲೆ, ಡೆಟ್ರಾಯಿಟ್‌ಗೆ ಹೋದಾಗ. 1986ರಲ್ಲಿ ಅದು ಸ್ಪೆರಿ ಎಂಬ ಇನ್ನೊಂದು ಕಂಪನಿಯ ಜೊತೆ ಸೇರಿ ಯೂನಿಸಿಸ್ ಎಂಬ ಕಂಪ್ಯೂಟರ್ ಕಂಪನಿ ಆಯಿತು. ಬೆಂಗಳೂರಿನಲ್ಲಿ ಯೂನಿಸಿಸ್‌ಗೆ ದುಡಿಯುವ ಎಷ್ಟೋ ಕನ್ನಡಿಗರು ಇದನ್ನು ಓದುತ್ತಿರಬಹುದು. ನಿಮ್ಮ ಕಂಪನಿಯ ಒಂದು ಬೇರು ಇಲ್ಲಿದೆ.

ಮೊದಮೊದಲಿನ ಬರೋಸ್ ಯಂತ್ರಗಳ ಪಕ್ಕಕ್ಕೆ ಗಾಜು ಹಾಕಿರುತ್ತಿದ್ದರು, ಒಳಗೆ ನಡೆಯುವುದೆಲ್ಲ ಕಾಣಲಿ ಅಂತ. ಯಾವುದಾದರೂ ಮ್ಯೂಸಿಯಂನಲ್ಲಿ ಅಂಥದ್ದು ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಮನೆಯಲ್ಲೋ ಹಳೇ ಆಫೀಸಿನಲ್ಲೋ ಯಾವುದೇ ಕಂಪನಿಯ ಕೂಡುವ ಯಂತ್ರ ಧೂಳು ತಿನ್ನುತ್ತಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಕಾಮೆಂಟಿನಲ್ಲಿ ಒಂದು ಫೋಟೋ ಹಾಕಿ.