ಸತ್ಯ ಹೇಳಿದ ಯಂತ್ರಕ್ಕೆ ಪ್ರವೇಶವಿಲ್ಲ

ಸಿಗ್ನಲ್ ದೀಪದ ಕಂಬವು ಸಿಗ್ನಲ್ ದೀಪದ ಭಾಗವೋ ಅಲ್ಲವೋ ಎಂಬ ಜಿಜ್ಞಾಸೆಯಲ್ಲಿ ಮೊನ್ನೆ ನನ್ನ ಅರ್ಧ ಬೆಳಗು ಕಳೆಯಿತು. ಪರಿಚಿತ ಜಾಲತಾಣವೊಂದು ನನ್ನ ಹೆಸರು, ಪಾಸ್‌ವರ್ಡ್, ಮೊಬೈಲಿಗೆ ಬಂದ ಸಂಖ್ಯೆ ಎಲ್ಲವನ್ನೂ ಪಡೆದ ಮೇಲೂ ಸಮಾಧಾನವಾಗದೆ, ಮಸುಕಾದ ಒಂಬತ್ತು ಚೌಕಗಳ ‘ಕ್ಯಾಪ್ಚಾ’ ಪರೀಕ್ಷೆಯನ್ನು ಮುಂದಿಟ್ಟು, ಸಿಗ್ನಲ್ ದೀಪವಿರುವ ಚೌಕಗಳನ್ನು ಆರಿಸಿ ನಾನು ಮನುಷ್ಯನೆಂದು ರುಜುವಾತುಪಡಿಸಲು ಹೇಳಿತು. ಕಂಬವನ್ನು ಸೇರಿಸಿದೆ, ತಪ್ಪು ಎಂದಿತು; ಬಿಟ್ಟೆ, ಅದೂ ತಪ್ಪು ಎಂದಿತು. ಅದೇ ಹೊತ್ತಿನಲ್ಲಿ ಅದೇ ಕಂಪ್ಯೂಟರಿನ ಇನ್ನೊಂದು ಕಿಟಕಿಯಲ್ಲಿ, ನಮ್ಮ ಕಚೇರಿಯ ಫಾರಂ ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ನಾನೇ ಬರೆದ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ತಾನಾಗಿ ಬ್ರೌಸರ್ ತೆರೆದು, ನಲವತ್ತು ಕಾಲ್ಪನಿಕ ಹೆಸರುಗಳಲ್ಲಿ ನಲವತ್ತು ಅರ್ಜಿ ತುಂಬಿ, ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದೆ ಬಾಗಿಲು ಹಾಕಿಕೊಂಡು ಹೋಗಿತ್ತು.

ಕೋಡ್‌ನಿಂದ ಬ್ರೌಸರ್ ಓಡಿಸುವ ವಿದ್ಯೆಯನ್ನು ಹಳಿಯುವ ಉದ್ದೇಶ ನನ್ನದಲ್ಲ. ಅದರ ಅನ್ನವನ್ನು ನಾನೂ ತಿಂದಿದ್ದೇನೆ. 2004ರಲ್ಲಿ ಜೇಸನ್ ಹಗಿನ್ಸ್ ಎಂಬವರು ಒಂದೇ ಪುಟವನ್ನು ದಿನವಿಡೀ ಒತ್ತಿ ಒತ್ತಿ ಪರೀಕ್ಷಿಸುವ ಕರ್ಮದಿಂದ ಬಿಡುಗಡೆಗೊಳ್ಳಲು ಕಟ್ಟಿದ ಉಪಕರಣವೇ ಸೆಲೆನಿಯಂ. ಆಗ ಮರ್ಕ್ಯುರಿ ಎಂಬ ಹೆಸರಿನ ಪ್ರತಿಸ್ಪರ್ಧಿ ಕಂಪನಿಯೊಂದಿತ್ತು. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಹುಟ್ಟಿತು. 2017ರಲ್ಲಿ ಕ್ರೋಮ್ ತನ್ನ 59ನೇ ಆವೃತ್ತಿಯಲ್ಲಿ ಪರದೆಯ ಮೇಲೆ ಕಿಟಕಿಯನ್ನೇ ತೆರೆಯದೆ ಓಡುವ ಹೆಡ್‌ಲೆಸ್ ರೂಪವನ್ನು ಪಡೆಯಿತು. ರುಂಡವಿಲ್ಲದ ಮುಂಡ ಯುದ್ಧ ಮಾಡಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಅದು ಫಾರಂ ತುಂಬುವುದು ದೊಡ್ಡ ಅಚ್ಚರಿಯೇನಲ್ಲ.

ಈ ಯಂತ್ರದ ಅತ್ಯಂತ ಪ್ರಶಂಸನೀಯ ಗುಣವೆಂದರೆ ಅದರ ಪ್ರಾಮಾಣಿಕತೆ. 2018ರಲ್ಲಿ ವೆಬ್‌ಡ್ರೈವರ್ ಎಂಬ, ಕೋಡ್ ಬ್ರೌಸರನ್ನು ಓಡಿಸುವ ಬಗೆಯ ನಿಯಮಾವಳಿಯನ್ನು ಜಾಗತಿಕ ಮಾನಕವೆಂದು ಅಂಗೀಕರಿಸಿದ, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಹಿರಿಯರು ಅದರಲ್ಲಿ ಒಂದು ಚಿಕ್ಕ ಬಾವುಟವನ್ನೂ ಇಟ್ಟಿದ್ದಾರೆ. ಬ್ರೌಸರನ್ನು ಕೋಡ್ ಓಡಿಸುತ್ತಿದ್ದರೆ ‘ನ್ಯಾವಿಗೇಟರ್.ವೆಬ್‌ಡ್ರೈವರ್’ ಎಂಬಲ್ಲಿ ‘ಟ್ರೂ’ ಎಂಬ ಉತ್ತರ ಸಿಗಬೇಕು. ಯಾವ ಜಾಲತಾಣ ಕೇಳಿದರೂ ಅದು ‘ಹೌದು ಸ್ವಾಮಿ, ನಾನು ಯಂತ್ರ’ ಎಂದು ಕೈಮುಗಿದು ಒಪ್ಪಿಕೊಳ್ಳಬೇಕು. ಕ್ರೋಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಯಂಚಾಲಿತ ತಂತ್ರಾಂಶವೊಂದು ತನ್ನನ್ನು ನಿಯಂತ್ರಿಸುತ್ತಿದೆ ಎಂಬ ಪಟ್ಟಿಯನ್ನು ತನ್ನ ಹಣೆಯ ಮೇಲೆಯೇ ಅಂಟಿಸಿಕೊಳ್ಳುತ್ತದೆ. ಇಷ್ಟು ಸತ್ಯವಂತಿಕೆಗೆ ಸಿಕ್ಕ ಬಹುಮಾನವೇನು? ಸತ್ಯ ಹೇಳಿದ ಯಂತ್ರವನ್ನು ಬಾಗಿಲಲ್ಲೇ ತಡೆಯಲಾಗುತ್ತದೆ. ಸ್ಟೆಲ್ತ್ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ಸಿಗುವ ತುಣುಕೊಂದನ್ನು ಸೇರಿಸಿ ‘ಫಾಲ್ಸ್’ ಎಂದು ಸುಳ್ಳು ಹೇಳಿಸಿದ ಯಂತ್ರ ಎಷ್ಟೋ ಕಡೆ ಆರಾಮವಾಗಿ ಒಳಗೆ ಹೋಗುತ್ತದೆ.

ಸುಳ್ಳು ಹೇಳುವುದು ಬ್ರೌಸರುಗಳಿಗೆ ಹೊಸದಲ್ಲ, ಅದು ಅವುಗಳ ವಂಶದಲ್ಲೇ ಇದೆ. ಕ್ರೋಮ್ ಯಾವುದೇ ತಾಣಕ್ಕೆ ಹೋದಾಗ ತನ್ನ ಪರಿಚಯವನ್ನು ಹೇಗೆ ಹೇಳಿಕೊಳ್ಳುತ್ತದೆಂದು ಒಮ್ಮೆ ನೋಡಬೇಕು. ಮೊದಲು ‘ಮೊಜಿಲ್ಲಾ 5.0’ ಎನ್ನುತ್ತದೆ, ಅದು ಮೊಜಿಲ್ಲಾ ಅಲ್ಲ. ಬಳಿಕ ‘ಆಪಲ್‌ವೆಬ್‌ಕಿಟ್’ ಎನ್ನುತ್ತದೆ, ಆಪಲ್ ಎಂಜಿನ್ನಿನ ಆ ಮನೆ ಬಿಟ್ಟು ಬೇರೆ ಒಲೆ ಹೂಡಿ ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚಾಯಿತು. ಅನಂತರ ‘ಗೆಕ್ಕೊದಂತೆ’ ಎನ್ನುತ್ತದೆ. ಗೆಕ್ಕೊ ಎಂಬುದು ಫೈರ್‌ಫಾಕ್ಸಿನ ಎಂಜಿನ್, ಶಬ್ದಾರ್ಥದಲ್ಲಿ ಹಲ್ಲಿ. ಅಂದರೆ ನಾನು ಹಲ್ಲಿಯಲ್ಲ, ಆದರೆ ಹಲ್ಲಿಯಂತಿದ್ದೇನೆ ಎಂಬ ವಿನಮ್ರ ನಿವೇದನೆ. ಕ್ರೋಮ್ ಎಂಬ ನಿಜವಾದ ಹೆಸರು ಇಷ್ಟೆಲ್ಲ ಆದ ಮೇಲೆ ಬರುತ್ತದೆ, ಅದರ ಹಿಂದೆಯೇ ‘ಸಫಾರಿ’ ಎಂಬ ಇನ್ನೊಂದು ಸುಳ್ಳು. ಎಂದೋ ಕೆಲವು ತಾಣಗಳು ಇಂಥ ಬ್ರೌಸರಿಗೆ ಮಾತ್ರ ಒಳ್ಳೆಯ ಪುಟ ಕೊಡುತ್ತೇವೆ ಎಂದು ಹಟ ಹಿಡಿದವು, ಉಳಿದ ಬ್ರೌಸರುಗಳು ಆ ಹೆಸರನ್ನು ಹೇಳಿಕೊಂಡು ಒಳನುಗ್ಗಿದವು; ಆ ಹಟವೂ ಕಾರಣವೂ ಹೋದವು, ವೇಷ ಮಾತ್ರ ಉಳಿಯಿತು. ಇಂಥ ಕುಲದಲ್ಲಿ ಹುಟ್ಟಿದ ಹೆಡ್‌ಲೆಸ್ ಬ್ರೌಸರ್ ‘ಹೆಡ್‌ಲೆಸ್‌ಕ್ರೋಮ್’ ಎಂದು ನಿಜ ಹೇಳಿ ಸಿಕ್ಕಿಬಿದ್ದದ್ದನ್ನು ನೆನೆದರೆ ಮರುಕವಾಗುತ್ತದೆ.

ಸುಳ್ಳು ಹೇಳಲು ಕಲಿತ ಮೇಲೆ ಯಂತ್ರಕ್ಕೆ ಉಳಿದ ಪಾಠವೆಂದರೆ ಎಡವುವುದು. ಮೌಸ್ ಎಂಬ ಇಲಿಯ ಬಾಣವನ್ನು ನೇರ ಗೆರೆಯಲ್ಲಿ ಒಯ್ದರೆ ಅನುಮಾನ ಬರುತ್ತದೆಂದು ಅದನ್ನು ವಕ್ರವಾಗಿ ಒಯ್ಯುವ ಸಿದ್ಧ ಕೋಡ್ ಲೈಬ್ರರಿಗಳಿವೆ. ಬಟನ್ನನ್ನು ದಾಟಿ ಮುಂದೆ ಹೋಗಿ, ಅಯ್ಯೋ ಎಂಬಂತೆ ಹಿಂದಿರುಗಿ ಬಂದು ಒತ್ತುವ ಸೌಕರ್ಯವೂ ಅವುಗಳಲ್ಲಿದೆ. ಅಕ್ಷರ ಅಕ್ಷರಕ್ಕೂ ಇಂತಿಷ್ಟು ಮಿಲಿಸೆಕೆಂಡು ತಡೆದು ಟೈಪ್ ಮಾಡಿಸಬಹುದು. ಒಂದು ಸೆಕೆಂಡಿನಲ್ಲಿ ಮುಗಿಯುವ ಕೆಲಸವನ್ನು ಮನುಷ್ಯನಷ್ಟು ನಿಧಾನವಾಗಿ ಮಾಡಿಸಲು ಬುದ್ಧಿವಂತರು ರಾತ್ರಿಯಿಡೀ ಕೂರುತ್ತಾರೆ, ಮತ್ತೊಂದೆಡೆ ಅಷ್ಟೇ ಬುದ್ಧಿವಂತರು ಈ ನಿಧಾನ ಅಸಲಿಯೋ ನಕಲಿಯೋ ಎಂದು ಪತ್ತೆಹಚ್ಚಲು ಕೂರುತ್ತಾರೆ. ಇತ್ತ ಮನುಷ್ಯನಾದವನು ಪಾಸ್‌ವರ್ಡನ್ನು ಚಕ್ಕನೆ ಅಂಟಿಸಿ ಎಂಟರ್ ಒತ್ತಿದ ತಪ್ಪಿಗೆ ಚೌಕಗಳ ಮುಂದೆ ಕೂರುತ್ತಾನೆ.

ಎರಡೂ ಕಡೆಯವರು ಒಂದೇ ಮನೆಯವರಾಗಿರಬಹುದು ಎಂಬುದು ಇನ್ನೂ ಸ್ವಾರಸ್ಯಕರ. ಕೋಡ್‌ನಿಂದ ಕ್ರೋಮ್ ಕುಣಿಸುವ ಪಪೆಟಿಯರ್ ಅನ್ನು 2017ರಲ್ಲಿ ಕೊಟ್ಟದ್ದು ಗೂಗಲ್. ಕುಣಿಯುತ್ತಿರುವುದು ಬೊಂಬೆಯೋ ಮನುಷ್ಯನೋ ಎಂದು ಪರೀಕ್ಷಿಸುವ ರೀಕ್ಯಾಪ್ಚಾವನ್ನು 2009ರಲ್ಲಿ ಕೊಂಡದ್ದೂ ಗೂಗಲ್. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದು ನಮ್ಮಲ್ಲಿ ಹೇಳುತ್ತಾರೆ, ಇಲ್ಲಿ ತೊಟ್ಟಿಲಲ್ಲಿರುವುದು ನಾವು. 2023ರಲ್ಲಿ ಸಾವಿರದ ನಾನೂರು ಜನರನ್ನು ಕೂರಿಸಿ ಕ್ಯಾಪ್ಚಾ ಬಿಡಿಸಲು ಹೇಳಿದ ಅಧ್ಯಯನವೊಂದು, ಹಿಂದಿನ ಸಂಶೋಧನೆಗಳಲ್ಲಿ ದಾಖಲಾದ, ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳಾದ ಬಾಟ್‌ಗಳ ಫಲಿತಾಂಶದ ಜೊತೆ ಹೋಲಿಸಿ, ವೇಗದಲ್ಲೂ ನಿಖರತೆಯಲ್ಲೂ ಬಾಟ್‌ಗಳೇ ಮೇಲು ಎಂದು ವರದಿ ಮಾಡಿತು. ಹಾಗಾದರೆ ಚೌಕಗಳನ್ನು ಸರಿಯಾಗಿ ಆರಿಸಿದವನೇ ಯಂತ್ರ, ಫೇಲಾದ ನಾನೇ ಶುದ್ಧ ಮನುಷ್ಯ ಎಂದಾಗಬೇಕಿತ್ತಲ್ಲವೇ?

ಇಲ್ಲಿಯವರೆಗೆ ನಗಬಹುದು. ಕಣ್ಣು ಕಾಣದವರಿಗೆ ಚೌಕಗಳ ಬದಲು ಕರ್ಕಶ ಸದ್ದಿನ ನಡುವೆ ಒಂದಿಷ್ಟು ಅಂಕಿಗಳನ್ನೋ ಪದಗಳನ್ನೋ ಕೇಳಿಸುತ್ತಾರೆ. 2017ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಕೋಡ್‌ನಿಂದ ಬ್ರೌಸರ್ ತೆರೆದು, ಆ ಧ್ವನಿಯನ್ನು ಯಾರಿಗೂ ಸಿಗುವ ಮಾತು ಗುರುತಿಸುವ ಸೇವೆಗಳಿಗೆ ಕೊಟ್ಟು, ನೂರಕ್ಕೆ 85 ಸಲ ಪಾಸಾಗಿ ತೋರಿಸಿದರು. ಅಂದರೆ ಆ ಸದ್ದನ್ನು ಯಂತ್ರ ಬಿಡಿಸುತ್ತದೆ, ಅದರ ಎದುರು ಹೆಣಗುವವನು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿ ಬದುಕುವ ಮನುಷ್ಯ. ಕ್ಯಾಪ್ಚಾ ಅಂಗವಿಕಲರನ್ನು ಹೊರಗಿಡುತ್ತದೆ ಎಂದು, ವೆಬ್‌ಡ್ರೈವರ್ ಮಾನಕ ಬರೆದ ಅದೇ ಡಬ್ಲ್ಯೂ3ಸಿ ಬಹಳ ಹಿಂದೆಯೇ ಟಿಪ್ಪಣಿ ಹೊರಡಿಸಿದೆ. ಓದಬೇಕಾದವರೆಲ್ಲ ಓದಿದ್ದಾರೆ. ಯಾರ ಬಾಗಿಲೂ ಬದಲಾಗಿಲ್ಲ. ಇದರಲ್ಲಿ ವಿಡಂಬನೆ ಮಾಡಲು ನನಗೆ ಏನೂ ತೋಚುತ್ತಿಲ್ಲ. ಇದು ಬರೀ ಉದಾಸೀನ, ಅಷ್ಟೇ.

ಈಗಂತೂ ಎಐ ಏಜೆಂಟ್‌ಗಳ ಕಾಲ. ಟಿಕೆಟ್ ಕಾದಿರಿಸುವುದೋ ಅರ್ಜಿ ಹಾಕುವುದೋ ಏನೇ ಹೇಳಿದರೂ ತಾವೇ ಬ್ರೌಸರ್ ತೆರೆದು ಮುಗಿಸುವ ಈ ಮಹನೀಯರ ಪೈಕಿ 2025ರ ಜನವರಿಯಲ್ಲಿ ಬಂದ, ಓಪನ್ಎಐ ಕಂಪನಿಯ ‘ಆಪರೇಟರ್’ ಒಂದು ಒಳ್ಳೆಯ ಸಂಪ್ರದಾಯ ಹಾಕಿತು. ಎಲ್ಲ ಕೆಲಸವನ್ನೂ ತಾನೇ ಮಾಡಿ, ಕ್ಯಾಪ್ಚಾ ಎದುರಾದಾಗ ಮಾತ್ರ ಗೌರವದಿಂದ ಪಕ್ಕಕ್ಕೆ ಸರಿದು ಯಜಮಾನನನ್ನು ಕರೆಯುತ್ತಿತ್ತು. ‘ನಾನು ರೋಬೋ ಅಲ್ಲ’ ಎಂದು ರೋಬೋ ಪರವಾಗಿ ಯಜಮಾನ ಒತ್ತಬೇಕಿತ್ತು.

ನನಗೂ ಆ ಭಾಗ್ಯ ಒದಗಿತು. ಬಾಟ್‌ಗಳ ಕಾಟ ತಡೆಯಲೆಂದು ನಮ್ಮ ಕಚೇರಿಯವರೇ ನಮ್ಮ ಫಾರಂಗೂ ಒಂದು ಕ್ಯಾಪ್ಚಾ ಹಾಕಿಸಿದರು, ಮೊದಲ ದಿನವೇ ಅದು ತಡೆದ ಬಾಟ್ ನನ್ನ ಸ್ಕ್ರಿಪ್ಟ್. ನಲವತ್ತರಲ್ಲಿ ಮೊದಲ ಅರ್ಜಿಯ ತುದಿಗೇ ಅದು ನಿಂತಿತು. ನಾನು ಕುರ್ಚಿ ಎಳೆದುಕೊಂಡು ಅದರ ಪರವಾಗಿ ಚೌಕಗಳನ್ನು ನೋಡತೊಡಗಿದೆ. ಇಂಥ ಸ್ಕ್ರಿಪ್ಟ್‌ಗಳಿಗೆ ಕಾಯುವ ತಾಳ್ಮೆ ಸಾಮಾನ್ಯವಾಗಿ 30 ಸೆಕೆಂಡು. ನಾನಿನ್ನೂ ಕಂಬವನ್ನು ಸೇರಿಸಬೇಕೋ ಬಿಡಬೇಕೋ ಎಂದು ಯೋಚಿಸುತ್ತಿರುವಾಗಲೇ ಬ್ರೌಸರ್ ತಾನಾಗಿ ಮುಚ್ಚಿಕೊಂಡಿತು, ಕೆಳಗಿನ ಕಪ್ಪು ಪರದೆಯಲ್ಲಿ ‘ಟೈಮ್‌ಔಟ್’ ಎಂಬ ಒಂದು ಸಾಲು ಮೂಡಿತು.